ನೀರಿನ ಮೇಲೆ ನಿಂತ ಮಂಡಿ

ಮೇಕೆಯ ಅಥವಾ ಕುರಿಯ ತೊಡೆಮೂಳೆಯ ಕೆಳತುದಿಗೆ ಮುತ್ತಿನಂತೆ ಹೊಳೆಯುವ ಬಿಳಿ ಹೊದಿಕೆಯೊಂದಿದೆ. ಮಾಂಸದಂಗಡಿಯಲ್ಲಿ ಸೂಪಿಗೆಂದು ಕಾಲು ಕೊಳ್ಳುವವರು ಅದನ್ನು ನೋಡಿರುತ್ತಾರೆ. ಬೆರಳಿಟ್ಟರೆ ಜಾರುತ್ತದೆ, ಉಗುರಿನಿಂದ ಒತ್ತಿ ಹಿಡಿದರೆ ಕೊಂಚ ತಗ್ಗಿ, ಬಿಟ್ಟ ಮೇಲೆ ನಿಧಾನವಾಗಿ ಮೊದಲಿನಂತಾಗುತ್ತದೆ. ಇದೇ ಕೀಲಿನ ಮೃದ್ವಸ್ಥಿ. ಎಲುಬು ಎಲುಬಿಗೆ ಉಜ್ಜದಂತೆ ನಡುವೆ ನಿಂತು, ಪ್ರಾಣಿ ಬದುಕಿರುವಷ್ಟು ಕಾಲ ದಿನವೂ ಸಾವಿರಾರು ಸಲ ಭಾರ ಹೊತ್ತು ಇಳಿಸುವುದು ಅದರ ಕೆಲಸ. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಆಹಾರವೆಲ್ಲ ಕೀಲಿನೊಳಗಿನ ದ್ರವದಿಂದ ಇಂಗಿ ಬರಬೇಕು. ಜೀವಕೋಶಗಳೂ ವಿರಳ; ಮನುಷ್ಯರಲ್ಲಿ ಅವು ಒಟ್ಟು ಗಾತ್ರದ ನೂರರಲ್ಲಿ ಒಂದೆರಡು ಪಾಲು ಮಾತ್ರ.

ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಮಂಡಿ ಯಾವುದೆಂದು ಗುರುತಿಸುವಾಗ ಕಣ್ಣು ಮೋಸಹೋಗುವುದುಂಟು. ಹಸು ಮಲಗುವಾಗ ಮೊದಲು ನೆಲಕ್ಕೂರುವ ಮುಂಗಾಲಿನ ಕೀಲನ್ನು ಜನ ಮಂಡಿ ಎನ್ನುತ್ತಾರೆ. ಅಂಗರಚನೆಯ ಲೆಕ್ಕದಲ್ಲಿ ಅದು ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿಕೊಂಡಿರುವ ಕೀಲು ಪಾದದ್ದು, ಆ ಚೂಪು ತುದಿಯೇ ಹಿಮ್ಮಡಿ. ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿ, ಚರ್ಮದ ಮಡಿಕೆಯ ಹತ್ತಿರ ಅಡಗಿರುತ್ತದೆ. ಹಸು, ಕುದುರೆ, ನಾಯಿ, ಮೊಲಗಳು ಈ ಮಂಡಿಯನ್ನು ಸದಾ ಮಡಚಿಕೊಂಡೇ ನಿಲ್ಲುತ್ತವೆ. ಆನೆ ಬೇರೆ ಜಾತಿ: ಅದರ ತೊಡೆಮೂಳೆ ಉದ್ದ, ಮಂಡಿ ಕೆಳಗಿದೆ, ನಿಂತಾಗ ಕಾಲು ಕಂಬದಂತೆ ನೆಟ್ಟಗಿರುತ್ತದೆ. ಈ ಒಂದು ವಿಷಯದಲ್ಲಿ ಅದು ಮನುಷ್ಯನಿಗೆ ಹತ್ತಿರ.

ನಿಲುವು ಬೇರೆಯಾದರೂ ಒಳಗಿನ ಕಟ್ಟಡ ಒಂದೇ. ತೊಡೆಮೂಳೆಯ ಎರಡು ಗುಂಡು ಉಬ್ಬುಗಳು ಕೆಳಗಿನ ಮೂಳೆಯ ಮೇಲೆ ಉರುಳುತ್ತವೆ, ಜಾರುತ್ತವೆ. ಮುಂದಿನ ಕಾಲುವೆಯಂಥ ತಗ್ಗಿನಲ್ಲಿ ಮಂಡಿಚಿಪ್ಪು ಮೇಲೆ ಕೆಳಗೆ ಓಡಾಡುತ್ತದೆ. ಮೂಳೆಗಳು ಒಂದನ್ನೊಂದು ತಾಗುವ ಮುಖಗಳಿಗೆಲ್ಲ ಮೃದ್ವಸ್ಥಿಯ ಹೊದಿಕೆಯಿದೆ. ಉಬ್ಬುಗಳಿಗೂ ಕೆಳಮೂಳೆಗೂ ನಡುವೆ ಅರ್ಧಚಂದ್ರಾಕಾರದ ಎರಡು ನಾರುಬಿಲ್ಲೆಗಳು ಕೂತು, ಭಾರವನ್ನು ಹೆಚ್ಚು ಜಾಗಕ್ಕೆ ಹರಡುತ್ತವೆ. ಇವಕ್ಕೆ ಮೆನಿಸ್ಕಸ್ ಎಂದು ಹೆಸರು. ಅವುಗಳ ಅಂಗಾಂಶವೇ ಬೇರೆ ಬಗೆಯದು. ಇಲ್ಲಿನ ವಿಷಯ ಎಲುಬಿನ ಮೇಲಿನ ನುಣುಪು ಹೊದಿಕೆ.

ಈ ಹೊದಿಕೆಯನ್ನು ತೂಗಿ, ಒಣಗಿಸಿ, ಮತ್ತೆ ತೂಗಿದರೆ ತೂಕದ ಮುಕ್ಕಾಲು ಭಾಗ ಹೋಗಿರುತ್ತದೆ. ಅದೆಲ್ಲ ನೀರು. ಪ್ರಾಣಿ, ವಯಸ್ಸು, ಜಾಗ ನೋಡಿಕೊಂಡು ನೂರಕ್ಕೆ 65ರಿಂದ 80ರಷ್ಟು ನೀರಿರುತ್ತದೆ. ಉಳಿದ ಘನಭಾಗದಲ್ಲಿ ದೊಡ್ಡ ಪಾಲು ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳದ್ದು. ಅವು ಹಗ್ಗದ ಹಾಗೆ: ಎಳೆದರೆ ಗಟ್ಟಿ, ಒತ್ತಿದರೆ ಬಾಗಿಬಿಡುತ್ತವೆ. ನಾರಿನ ಬಲೆಯ ಕಣ್ಣುಗಳಲ್ಲಿ ಅಗ್ರಿಕ್ಯಾನ್ ಎಂಬ ದೈತ್ಯ ಅಣುಗಳು ಸಿಕ್ಕಿಕೊಂಡಿರುತ್ತವೆ. ನಡುವೆ ಪ್ರೋಟೀನಿನ ದಂಡ, ಸುತ್ತ ಸಕ್ಕರೆಯ ನೂರಾರು ಎಳೆಗಳು. ಬಾಟಲಿ ತೊಳೆಯುವ ಬ್ರಷ್ಷಿನ ಆಕಾರ. ಎಳೆಗಳ ಮೈತುಂಬ ಋಣ ವಿದ್ಯುದಂಶ. ಒಂದೇ ಬಗೆಯ ವಿದ್ಯುದಂಶಗಳು ಪರಸ್ಪರ ತಳ್ಳುತ್ತವೆ. ಜತೆಗೆ ಅವುಗಳನ್ನು ಸರಿದೂಗಿಸಲು ಸೋಡಿಯಂನಂಥ ಧನ ಅಯಾನುಗಳು ಒಳಗೆ ನೆರೆದು, ನೀರನ್ನೂ ತಮ್ಮೊಂದಿಗೆ ಸೆಳೆಯುತ್ತವೆ.

ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದರೆ ಅದು ಲೋಳೆಯುಟ್ಟು ಹಿಗ್ಗುತ್ತದೆ. ಅದೇ ಬೀಜಗಳನ್ನು ಚಿಕ್ಕ ಬಟ್ಟೆಯ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನೆನೆಹಾಕಿದರೆ ಚೀಲ ಉಬ್ಬಿ ಬಿರುಸಾಗುತ್ತದೆ. ಒಳಗಿನ ಲೋಳೆ ಹಿಗ್ಗಬಯಸುತ್ತದೆ, ಹೊರಗಿನ ಬಟ್ಟೆ ತಡೆಯುತ್ತದೆ. ಆ ತಿಕ್ಕಾಟವೇ ಬಿರುಸುತನ. ಮೃದ್ವಸ್ಥಿ ಹೆಚ್ಚುಕಡಿಮೆ ಹೀಗೆಯೇ ನಿಂತಿದೆ. ಅಗ್ರಿಕ್ಯಾನಿನ ಉಬ್ಬುವ ಒತ್ತಡಕ್ಕೂ ಕೊಲಾಜೆನ್ ನಾರಿನ ಸೆಳೆತಕ್ಕೂ ನಡುವಿನ ಈ ಸಮತೋಲವನ್ನು ಆಲಿಸ್ ಮರೂದಾಸ್ 1976ರಲ್ಲಿ ಅಳತೆಗಳೊಂದಿಗೆ ತೋರಿಸಿಕೊಟ್ಟರು. ಮೃದ್ವಸ್ಥಿಯ ತುಣುಕನ್ನು ಗಾಢ ಉಪ್ಪುನೀರಿನಲ್ಲಿಟ್ಟರೆ ಹೊರಗಿನ ಅಯಾನುಗಳು ಒಳಗಿನ ವಿದ್ಯುದಂಶಗಳನ್ನು ಮರೆಮಾಡುತ್ತವೆ, ಅವುಗಳ ತಳ್ಳಾಟ ಅಡಗುತ್ತದೆ, ತುಣುಕು ಮೆತ್ತಗಾಗುತ್ತದೆ. ಘನವಸ್ತುವಿನಂತೆ ಕಾಣುವ ಈ ಹೊದಿಕೆಯ ಬಿರುಸಿನ ದೊಡ್ಡ ಪಾಲು ವಿದ್ಯುತ್ತಿನಿಂದ ಬಂದದ್ದೆಂಬುದಕ್ಕೆ ಇಷ್ಟು ಸಾಕ್ಷಿ.

ಆದರೂ ಅಳೆದು ನೋಡಿದರೆ ಆ ಬಿರುಸು ಆಶ್ಚರ್ಯವಾಗುವಷ್ಟು ಕಡಿಮೆ. ದನದ ಮಂಡಿಯಿಂದ ಗುಂಡಿಯಗಲದ ಬಿಲ್ಲೆಯೊಂದನ್ನು ಕತ್ತರಿಸಿ, ಅಷ್ಟೇ ಅಗಲದ ಗಟ್ಟಿ ಲೋಹದ ಬಟ್ಟಲಲ್ಲಿ ಕೂರಿಸಿ, ಮೇಲಿನಿಂದ ಸಣ್ಣ ರಂಧ್ರಗಳಿರುವ ಕೊರಡಿನಿಂದ ಒತ್ತುವುದು ಪ್ರಯೋಗಾಲಯದ ರೂಢಿಯ ಪರೀಕ್ಷೆ. ಬಿಲ್ಲೆ ಪಕ್ಕಕ್ಕೆ ಹಿಗ್ಗುವಂತಿಲ್ಲ. ನೀರು ಮಾತ್ರ ಕೊರಡಿನ ರಂಧ್ರಗಳ ಮೂಲಕ ಮೇಲಕ್ಕೆ ಜಿನುಗಬಹುದು. ಜಿನುಗುವುದೆಲ್ಲ ನಿಂತ ಮೇಲೆ ಘನಭಾಗ ಎಷ್ಟು ಭಾರ ತಡೆದಿದೆ ಎಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಸಿಗುವ ಬೆಲೆ ಅರ್ಧದಿಂದ ಒಂದು ಮೆಗಾಪ್ಯಾಸ್ಕಲ್. ಒಂದು ಮೆಗಾಪ್ಯಾಸ್ಕಲ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಹತ್ತು ಕಿಲೋ ಭಾರ. ಕೆಳಗಿನ ಮೂಳೆಯ ಬಿರುಸು ಇದರ ಸಾವಿರಾರು ಪಟ್ಟು. ಬಿಡಿಸಿ ಹೇಳುವುದಾದರೆ, ಚದರ ಸೆಂಟಿಮೀಟರಿಗೆ ಅರ್ಧದಿಂದ ಒಂದು ಕಿಲೋ ಭಾರ ಹೇರಿ ಸುಮ್ಮನೆ ಕಾದು ಕೂತರೆ ಮೃದ್ವಸ್ಥಿ ಹತ್ತರಲ್ಲೊಂದು ಪಾಲು ಕುಗ್ಗಿಬಿಡುತ್ತದೆ.

ಇಲ್ಲಿ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಮನುಷ್ಯ ಸಮನೆಲದಲ್ಲಿ ನಡೆಯುವಾಗಲೇ ಮಂಡಿಯ ಮೇಲೆ ಮೈತೂಕದ ಎರಡೂವರೆ ಪಟ್ಟಿನಷ್ಟು ಬಲ ಬೀಳುತ್ತದೆ, ಒತ್ತಡ ಹಲವು ಮೆಗಾಪ್ಯಾಸ್ಕಲ್ ತಲುಪುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಒಬ್ಬ ರೋಗಿಗೆ ಕೂರಿಸಿದ ಕೃತಕ ಸೊಂಟದ ಗುಂಡಿನಲ್ಲಿ ಒತ್ತಡಮಾಪಕಗಳಿದ್ದವು. ಕುರ್ಚಿಯಿಂದ ಏಳುವ ಕ್ಷಣದಲ್ಲಿ ಅವು 18 ಮೆಗಾಪ್ಯಾಸ್ಕಲ್ ತೋರಿಸಿದವು. ಅರ್ಧ ಮೆಗಾಪ್ಯಾಸ್ಕಲ್ ಬಿರುಸಿನ ವಸ್ತು ಇದನ್ನು ಹೇಗೆ ತಾಳುತ್ತದೆ?

ಉತ್ತರ ಸಿಕ್ಕಿದ್ದು ಮಣ್ಣಿನ ವಿಜ್ಞಾನದಿಂದ. ನೀರು ಕುಡಿದ ಜೇಡಿಮಣ್ಣಿನ ಮೇಲೆ ಕಟ್ಟಡ ಕಟ್ಟಿದರೆ ಅದು ಒಂದೇ ದಿನಕ್ಕೆ ಕುಸಿಯುವುದಿಲ್ಲ. ಮೊದಲು ಭಾರವನ್ನು ಹೊರುವುದು ಮಣ್ಣಿನ ಕಣಗಳ ನಡುವೆ ಸಿಕ್ಕಿಬಿದ್ದ ನೀರು. ಅದು ಜಿನುಗಿ ಹೊರಹೋದಂತೆಲ್ಲ ಭಾರ ಕಣಗಳಿಗೆ ವರ್ಗವಾಗುತ್ತದೆ, ಕಟ್ಟಡ ವರ್ಷಗಟ್ಟಲೆ ಮೆಲ್ಲಗೆ ಕೂರುತ್ತದೆ. ಎರೆಭೂಮಿಯಲ್ಲಿ ಬೇಸಾಯ ಮಾಡುವವರಿಗೆ ಗೊತ್ತು, ಮರಳು ಬಿಟ್ಟಷ್ಟು ಸುಲಭವಾಗಿ ಎರೆಮಣ್ಣು ನೀರನ್ನು ಬಿಡುವುದಿಲ್ಲ. ಕಾರ್ಲ್ ಟೆರ್ಜಾಗಿ 1925ರಲ್ಲಿ ಈ ಕುಸಿತಕ್ಕೆ ಗಣಿತ ಕೊಟ್ಟರು, 1941ರಲ್ಲಿ ಮೌರಿಸ್ ಬಯೋ ಅದನ್ನು ವಿಸ್ತರಿಸಿದರು. 1980ರಲ್ಲಿ ವ್ಯಾನ್ ಮೌ ಮತ್ತು ಸಂಗಡಿಗರು ಇಂಥದೇ ವಿಚಾರವನ್ನು ಮೃದ್ವಸ್ಥಿಗೆ ಹೊಂದಿಸಿ, ಅದನ್ನು ಘನ ಮತ್ತು ದ್ರವ ಎಂಬ ಎರಡು ಘಟಕಗಳ ಮಿಶ್ರಣವಾಗಿ ಬರೆದರು. ಕೀಲುಗಳ ಯಂತ್ರವಿಜ್ಞಾನದಲ್ಲಿ ಅದಕ್ಕಿಂತ ಹೆಚ್ಚು ಬೆಳಕು ಚೆಲ್ಲಿದ ಬರಹ ಇನ್ನೊಂದಿಲ್ಲವೆಂದರೆ ಅತಿಶಯವಾಗದು.

ಮೃದ್ವಸ್ಥಿಯ ಮೂಲಕ ನೀರು ಹಾಯುವುದು ಬಿಗಿಯಾದ ಜೇಡಿಮಣ್ಣಿನ ಮೂಲಕ ಹಾಯುವಷ್ಟೇ ನಿಧಾನ. ನೀರಿರುವ ಕಿಂಡಿಗಳು ಅಷ್ಟು ಸಣ್ಣವು. ಒತ್ತಿದಾಗ ಕಿಂಡಿಗಳು ಇನ್ನೂ ಕಿರಿದಾಗುವುದರಿಂದ ಹರಿವು ಇನ್ನೂ ಕುಂಟುತ್ತದೆ. ಹೊರಟ ನೀರು ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುವ ಈ ಗುಣ ಕೀಲಿಗೆ ಬಹಳ ಉಪಕಾರಿ. ಒಂದು ಹೆಜ್ಜೆಯಲ್ಲಿ ಕಾಲು ನೆಲದ ಮೇಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ನೀರಿಗೆ ಹೊರಡಲು ಸಮಯವೇ ಇಲ್ಲ. ನೀರು ಕುಗ್ಗುವ ವಸ್ತುವಲ್ಲ, ಓಡಲೂ ಆಗದಿದ್ದರೆ ಭಾರ ಹೊರಲೇಬೇಕು. ದನದ ಮೃದ್ವಸ್ಥಿಯ ಬಿಲ್ಲೆಗಳಲ್ಲಿ ಒಳಗಿನ ನೀರಿನ ಒತ್ತಡವನ್ನು ನೇರವಾಗಿ ಅಳೆದಾಗ, ಮೊದಲ ಕ್ಷಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾರವನ್ನು ನೀರೇ ಹೊರುವುದು ಕಂಡುಬಂತು. ನಾರು, ಅಗ್ರಿಕ್ಯಾನುಗಳ ಪಾಲಿಗೆ ಉಳಿಯುವುದು ಅಲ್ಪ.

ಆದ್ದರಿಂದ ಮೃದ್ವಸ್ಥಿ ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಇಲ್ಲ. ಎಷ್ಟು ಹೊತ್ತು ಒತ್ತಿದಾಗ ಎಂದು ಮರುಪ್ರಶ್ನೆ ಹಾಕಬೇಕು. ಕುದುರೆಯ ನಾಗಾಲೋಟದ ಹೊಡೆತಕ್ಕೆ ಅದು ಬಿರುಸು; ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ನಿಂತರೆ ಅದೇ ವಸ್ತು ಮೆತ್ತಗೆ. ಮನುಷ್ಯರಲ್ಲಿ ಒಂದೇ ಸಮನೆ ಬಸ್ಕಿ ಹೊಡೆದ ಮೇಲೆ ಎಂಆರ್‌ಐ ತೆಗೆದರೆ ಮಂಡಿಚಿಪ್ಪಿನ ಮೃದ್ವಸ್ಥಿಯ ಗಾತ್ರ ನೂರಕ್ಕೆ ಸುಮಾರು ಆರರಷ್ಟು ಇಳಿದಿರುತ್ತದೆ. ಮತ್ತೆ ತುಂಬಿಕೊಳ್ಳಲು ಒಂದು ಗಂಟೆಗೂ ಹೆಚ್ಚು ಬೇಕು. ಹೊರಹೋದ ನೀರನ್ನು ಒಳಗೆ ಎಳೆದುಕೊಳ್ಳುವುದು ಅಗ್ರಿಕ್ಯಾನಿನ ಕೆಲಸ, ಅದು ಅವಸರದಲ್ಲಿ ಆಗುವಂಥದ್ದಲ್ಲ. ಈ ಹೋಗಿಬರುವ ನೀರಿನೊಂದಿಗೇ ಕೋಶಗಳ ಆಹಾರದ ಒಂದು ಪಾಲೂ ಸಾಗುತ್ತದೆ.

ಜಾರುವ ಗುಣಕ್ಕೂ ಈ ನೀರೇ ಮುಖ್ಯ ಕಾರಣ. ಆರೋಗ್ಯವಂತ ಕೀಲಿನಲ್ಲಿ ಘರ್ಷಣೆಯ ಗುಣಾಂಕ ನೂರರಲ್ಲೊಂದರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಬಹಳ ಕಡಿಮೆ. ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದು ಇದಕ್ಕಿಂತ ನುಣುಪಲ್ಲ. 1959ರಲ್ಲಿ ಚಾರ್ಲ್ಸ್ ಮೆಕಚ್ಚನ್ ಇದಕ್ಕೊಂದು ವಿವರಣೆ ಕೊಟ್ಟರು: ಒತ್ತಿದಾಗ ಮೃದ್ವಸ್ಥಿಯಿಂದ ನೀರು ಮೇಲ್ಮೈಗೆ ಒಸರುತ್ತದೆ, ಒತ್ತಡದಲ್ಲಿರುವ ಆ ದ್ರವವೇ ಎರಡು ಮುಖಗಳ ನಡುವೆ ಹೆಚ್ಚಿನ ಭಾರ ಹೊರುತ್ತದೆ, ಘನಕ್ಕೆ ಘನ ಉಜ್ಜುವುದು ತೀರಾ ಕಡಿಮೆಯಾಗುತ್ತದೆ. ನೀರು ಬರಿದಾಗುವವರೆಗೆ ಒತ್ತಿ ಹಿಡಿದು ಆಮೇಲೆ ಜಾರಿಸಿದರೆ ಘರ್ಷಣೆ ಹಲವು ಪಟ್ಟು ಏರುವುದು ಈ ಮಾತಿಗೆ ಪುರಾವೆ. ಮೇಲ್ಮೈಗೆ ಅಂಟಿಕೊಳ್ಳುವ ಲೂಬ್ರಿಸಿನ್ ಎಂಬ ಪ್ರೋಟೀನಿನದೂ ಪಾತ್ರವಿದೆ. ಅದನ್ನು ತಯಾರಿಸುವ ಜೀನ್ ತೆಗೆದುಹಾಕಿದ ಇಲಿಮರಿಗಳು ಹುಟ್ಟುವಾಗ ಚೆನ್ನಾಗಿದ್ದರೂ ಬೆಳೆಯುತ್ತಾ ಅವುಗಳ ಕೀಲುಗಳು ಹಾಳಾಗುತ್ತವೆ.

ಹೊದಿಕೆಯ ದಪ್ಪ ಎರಡೇ ಮಿಲಿಮೀಟರ್ ಇದ್ದರೂ ಮೇಲಿನಿಂದ ಕೆಳಗೆ ಅದು ಒಂದೇ ವಸ್ತುವಲ್ಲ. ಮೇಲ್ಪದರದಲ್ಲಿ ನಾರುಗಳು ಚಾಪೆಯಂತೆ ಮೇಲ್ಮೈಗೆ ಸಮಾನಾಂತರವಾಗಿ ಹಾಸಿರುತ್ತವೆ, ನಡುವೆ ದಿಕ್ಕಾಪಾಲಾಗುತ್ತವೆ, ಆಳದಲ್ಲಿ ಎಲುಬಿಗೆ ನೆಟ್ಟ ಕಂಬಗಳಂತೆ ನಿಲ್ಲುತ್ತವೆ. ನೆಲದಿಂದೆದ್ದು ಮೇಲೆ ಬಾಗಿ ಮತ್ತೆ ನೆಲ ಸೇರುವ ಕಮಾನುಗಳ ಸಾಲಾಗಿ ಇದನ್ನು 1925ರಲ್ಲಿ ಜರ್ಮನಿಯ ಬೆನ್ನಿಂಗ್‌ಹಾಫ್ ಚಿತ್ರಿಸಿದರು. ಅದಕ್ಕೂ ಮೊದಲು, 1898ರಲ್ಲೇ, ಹುಲ್ಟ್‌ಕ್ರಾಂಟ್ಸ್ ಮೃದ್ವಸ್ಥಿಯನ್ನು ಗುಂಡುಸೂಜಿಯಿಂದ ಚುಚ್ಚಿ ಶಾಯಿ ಬಳಿದಿದ್ದರು. ತೂತು ಗುಂಡಗಿರಲಿಲ್ಲ, ಸೀಳಾಗಿತ್ತು. ಅಕ್ಕಪಕ್ಕದ ಸೀಳುಗಳೆಲ್ಲ ಒಂದೇ ದಿಕ್ಕಿಗಿದ್ದವು. ಮೇಲ್ಪದರದ ನಾರು ಓಡುವ ದಿಕ್ಕೇ ಅದು. ಆ ದಿಕ್ಕಿನಲ್ಲಿ ಎಳೆದರೆ ಮೃದ್ವಸ್ಥಿ ಬಲವಾಗಿ ತಡೆಯುತ್ತದೆ, ಅಡ್ಡಕ್ಕೆ ಎಳೆದರೆ ಬೇಗ ಸೋಲುತ್ತದೆ. ಒತ್ತುವಾಗ ಕಥೆ ತಲೆಕೆಳಗು. ದನದ ಮೃದ್ವಸ್ಥಿಯನ್ನು ಪದರಪದರವಾಗಿ ಅಳೆದಾಗ ಮೇಲ್ಪದರಕ್ಕಿಂತ ತಳದ ಪದರ ಇಪ್ಪತ್ತು ಪಟ್ಟಿಗೂ ಹೆಚ್ಚು ಬಿರುಸಾಗಿತ್ತು. ಮೆತ್ತಗಿನ ಮೇಲ್ಪದರ ಮೊದಲು ತಗ್ಗಿ ಎದುರಿನ ಮುಖಕ್ಕೆ ಒಗ್ಗಿಕೊಳ್ಳುತ್ತದೆ, ತಾಗುವ ಜಾಗ ಹಿಗ್ಗುತ್ತದೆ, ಒತ್ತಡ ಹಂಚಿಹೋಗುತ್ತದೆ.

ಪ್ರಾಣಿಯಿಂದ ಪ್ರಾಣಿಗೆ ಎದ್ದುಕಾಣುವ ವ್ಯತ್ಯಾಸ ದಪ್ಪದಲ್ಲಿದೆ. ಮಂಡಿಯ ಮೃದ್ವಸ್ಥಿ ಮೊಲದಲ್ಲಿ ಸುಮಾರು 0.3 ಮಿ.ಮೀ., ನಾಯಿಯಲ್ಲಿ ಒಂದು ಮಿ.ಮೀ. ಆಸುಪಾಸು, ಮೇಕೆಯಲ್ಲಿ ಒಂದರಿಂದ ಒಂದೂವರೆ, ಕುದುರೆಯಲ್ಲಿ ಒಂದೂವರೆಯಿಂದ ಎರಡು, ಮನುಷ್ಯನಲ್ಲಿ ಎರಡಕ್ಕೂ ಹೆಚ್ಚು. ಐನೂರು ಕಿಲೋ ತೂಗುವ ಕುದುರೆಗಿಂತ ಅದರ ಎಂಟರಲ್ಲೊಂದು ತೂಕದ ಮನುಷ್ಯನ ಹೊದಿಕೆ ದಪ್ಪ. ಇಲಿಯಿಂದ ಆನೆಯವರೆಗೆ ಸ್ತನಿಗಳ ಮಂಡಿಗಳನ್ನು ಅಳೆದು ನೆದರ್ಲೆಂಡ್ಸಿನ ಉಟ್ರೆಕ್ಟ್‌ನ ಸಂಶೋಧಕರ ನೇತೃತ್ವದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಮೈತೂಕ ಬೆಳೆದಷ್ಟು ದಪ್ಪ ಬೆಳೆಯುವುದಿಲ್ಲ, ಆನೆಯ ಹೊದಿಕೆ ಅದರ ಗಾತ್ರಕ್ಕೆ ತೆಳುವೇ. ರಕ್ತವಿಲ್ಲದ ಅಂಗಾಂಶಕ್ಕೆ ಆಹಾರ ಇಂಗಿಯೇ ಬರಬೇಕಾದ್ದರಿಂದ ದಪ್ಪಕ್ಕೊಂದು ಮಿತಿಯಿರಬೇಕೆಂಬುದು ಸಾಧುವಾದ ಊಹೆ. ಇದಕ್ಕೆ ಒಪ್ಪುವ ಇನ್ನೊಂದು ಸಂಗತಿಯನ್ನು 1971ರಲ್ಲೇ ಸ್ಟಾಕ್‌ವೆಲ್ ಕಂಡಿದ್ದರು. ಇಲಿಯಾಗಲಿ ದನವಾಗಲಿ, ತೊಡೆಮೂಳೆಯ ಉಬ್ಬಿನ ಒಂದು ಚದರ ಮಿಲಿಮೀಟರ್ ಮೇಲ್ಮೈಯ ಕೆಳಗಿರುವ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ಸುಮಾರು 25,000. ತೆಳು ಹೊದಿಕೆಯಲ್ಲಿ ಅವು ಕಿಕ್ಕಿರಿದಿರುತ್ತವೆ, ದಪ್ಪ ಹೊದಿಕೆಯಲ್ಲಿ ದೂರದೂರ ಚದುರಿರುತ್ತವೆ.

ವಸ್ತುವಿನ ಗುಣದಲ್ಲಿ ಮಾತ್ರ ಇಷ್ಟು ಅಂತರವಿಲ್ಲ. ದನ, ನಾಯಿ, ಮನುಷ್ಯ, ಕೋತಿ, ಮೊಲ ಈ ಐದರ ತೊಡೆಮೂಳೆಯ ಮೃದ್ವಸ್ಥಿಯನ್ನು ಒಂದೇ ವಿಧಾನದಿಂದ ಒತ್ತಿ ನೋಡಿದ ಅಧ್ಯಯನ 1991ರಲ್ಲಿ ಬಂತು. ಮೃದ್ವಸ್ಥಿಯನ್ನು ಕತ್ತರಿಸದೆ, ಎಲುಬಿನ ಮೇಲಿದ್ದಂತೆಯೇ ಸಣ್ಣ ಕಡ್ಡಿಯಿಂದ ಒತ್ತಿ ಅಳೆಯಲಾಗಿತ್ತು. ಬಿರುಸಿನಲ್ಲಿ ಪ್ರಾಣಿಗಳ ನಡುವೆ ವ್ಯತ್ಯಾಸವಿದ್ದರೂ ಅದು ಕೆಲವು ಪಟ್ಟು ಮೀರಲಿಲ್ಲ. ಒಂದೇ ಮಂಡಿಯೊಳಗೂ ಮಂಡಿಚಿಪ್ಪು ಜಾರುವ ತಗ್ಗಿನದು ಉಬ್ಬುಗಳಿಗಿಂತ ಮೆತ್ತಗಿತ್ತು.

ಗುಣ ಹತ್ತಿರಹತ್ತಿರ ಇದ್ದು ದಪ್ಪ ಬೇರೆಯಾದರೆ ಏನಾಗುತ್ತದೆ ಎಂಬುದು ಗಮನಿಸಬೇಕಾದ ಸೂಕ್ಷ್ಮ. ನೀರು ಹೊರಬರಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು. ಬಟ್ಟಲಲ್ಲಿ ಒತ್ತುವ ಪರೀಕ್ಷೆಯ ಸಾಮಾನ್ಯ ಬೆಲೆಗಳನ್ನೇ ಹಿಡಿದು ಲೆಕ್ಕ ಹಾಕಿದರೆ ಮೊಲದ ಹೊದಿಕೆಯ ನೀರು ಒಂದು ನಿಮಿಷದ ಆಸುಪಾಸಿನಲ್ಲಿ ಬಿಟ್ಟುಕೊಡುತ್ತದೆ, ಮನುಷ್ಯನದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಮೊಲದ ಮಂಡಿಯಲ್ಲಿ ಗೆದ್ದ ಚಿಕಿತ್ಸೆ ಮನುಷ್ಯನಲ್ಲೂ ಗೆಲ್ಲುತ್ತದೆಂಬ ಭರವಸೆ ಇಲ್ಲದಿರುವುದಕ್ಕೆ ಇದೊಂದು ಗಟ್ಟಿ ಕಾರಣ. ಅದಕ್ಕೇ ಹೊಸ ವಿಧಾನಗಳನ್ನು ಮೇಕೆ, ಕುರಿ, ಹಂದಿ, ಕುದುರೆಗಳಲ್ಲಿ ಮತ್ತೆ ಪರೀಕ್ಷಿಸುತ್ತಾರೆ.

ಬಳಕೆಗೆ ತಕ್ಕಂತೆ ಮೃದ್ವಸ್ಥಿ ಬದಲಾಗುತ್ತದೆಯೇ ಎಂಬುದನ್ನು ಫಿನ್ಲೆಂಡಿನ ಕುವೊಪಿಯೊದಲ್ಲಿ ಬೀಗಲ್ ತಳಿಯ ಎಳೆ ನಾಯಿಗಳ ಮೇಲೆ ವರ್ಷಗಳ ಕಾಲ ಪರಿಶೀಲಿಸಿದರು. ಒಂದು ಕಾಲನ್ನು 11 ವಾರ ಅಲುಗದಂತೆ ಕಟ್ಟಿಟ್ಟಾಗ ಆ ಮಂಡಿಯ ಅಗ್ರಿಕ್ಯಾನ್ ಇಳಿಯಿತು, ಹೊದಿಕೆ ಮೆತ್ತಗಾಯಿತು. ಕಟ್ಟು ಬಿಚ್ಚಿ ತಿಂಗಳುಗಟ್ಟಲೆ ಓಡಾಡಲು ಬಿಟ್ಟರೂ ಪೂರ್ತಿ ಮೊದಲಿನಂತಾಗಲಿಲ್ಲ. ದಿನಕ್ಕೆ ನಾಲ್ಕು ಕಿಲೋಮೀಟರ್ ಓಡಿಸಿದ ನಾಯಿಗಳಲ್ಲಿ ಹೊದಿಕೆ ದಪ್ಪಗಾಯಿತು. ಓಟವನ್ನು ಮೆಲ್ಲಮೆಲ್ಲನೆ ದಿನಕ್ಕೆ 40 ಕಿಲೋಮೀಟರಿಗೆ ಏರಿಸಿ ಒಂದು ವರ್ಷದ ತಾಲೀಮು ಮುಗಿಸಿದಾಗ ಮೇಲ್ಪದರದ ಅಗ್ರಿಕ್ಯಾನ್ ಮತ್ತೆ ಕಡಿಮೆಯಾಗಿತ್ತು. ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಬೀಗಲ್‌ಗಳು ಭಾರದ ಕವಚ ತೊಟ್ಟು ದಿನಕ್ಕೆ 75 ನಿಮಿಷ, ವಾರಕ್ಕೆ ಐದು ದಿನ, ಒಟ್ಟು 527 ವಾರ ನಡೆದವು. ಹತ್ತು ವರ್ಷಕ್ಕೂ ಮಿಕ್ಕ ಆ ನಡಿಗೆಯ ಕೊನೆಗೆ ಅವುಗಳ ಮಂಡಿಗಳು ಸುಮ್ಮನಿದ್ದ ನಾಯಿಗಳ ಮಂಡಿಗಳಷ್ಟೇ ಚೆನ್ನಾಗಿದ್ದವು. ನಡೆದರೆ ಮಂಡಿ ಸವೆಯುತ್ತದೆಂಬ ಮಾತು ಹಳ್ಳಿಯಲ್ಲೂ ಪಟ್ಟಣದಲ್ಲೂ ಕೇಳಿಬರುತ್ತದೆ. ಆರೋಗ್ಯವಾಗಿರುವ, ಸ್ಥಿರವಾಗಿರುವ ಕೀಲಿನ ಮಟ್ಟಿಗೆ ಈ ನಾಯಿಗಳು ಅದನ್ನು ಸುಳ್ಳು ಮಾಡಿವೆ.

ಸ್ಥಿರತೆ ತಪ್ಪಿದಾಗ ಚಿತ್ರ ಬೇರೆ. ಮಂಡಿಯೊಳಗೆ ಎರಡು ಮೂಳೆಗಳನ್ನು ಬಿಗಿಹಿಡಿಯುವ ಮುಂದಿನ ಅಡ್ಡ ಅಸ್ಥಿರಜ್ಜು ಹರಿದ ನಾಯಿಯಲ್ಲಿ ಮೂಳೆಗಳು ಪ್ರತಿ ಹೆಜ್ಜೆಗೂ ಜಾಗ ತಪ್ಪಿ ತಾಗುತ್ತವೆ. ಮೊದಲು ಸಡಿಲವಾಗುವುದು ಮೇಲ್ಪದರದ ನಾರಿನ ಬಲೆ. ಚೀಲದ ಬಟ್ಟೆ ಸಡಿಲಾದರೆ ಒಳಗಿನ ಲೋಳೆ ಇನ್ನಷ್ಟು ನೀರು ಕುಡಿದು ಉಬ್ಬುತ್ತದೆ. ಹೀಗಾಗಿ ರೋಗದ ಆರಂಭದಲ್ಲಿ ಮೃದ್ವಸ್ಥಿಯ ನೀರು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಆದರೆ ಕಿಂಡಿಗಳು ಅಗಲವಾಗಿ ನೀರು ಸಲೀಸಾಗಿ ಓಡಾಡತೊಡಗುತ್ತದೆ, ಒತ್ತಿದಾಗ ನಿಲ್ಲುವುದಿಲ್ಲ, ಭಾರ ಹೊರುವುದಿಲ್ಲ. ಆ ಭಾರವೆಲ್ಲ ದುರ್ಬಲಗೊಂಡ ನಾರಿನ ಮೇಲೆ ಬೀಳುತ್ತದೆ, ನಾರು ಇನ್ನಷ್ಟು ಹರಿಯುತ್ತದೆ. ಬಿದ್ದ ಏಟಿನಂಥ ದಿಢೀರ್ ಒತ್ತಡ 20–25 ಮೆಗಾಪ್ಯಾಸ್ಕಲ್ ಮೀರಿದರೆ ಕೋಶಗಳೂ ಸಾಯುತ್ತವೆ, ಮೇಲ್ಮೈ ಬಿರುಕು ಬಿಡುತ್ತದೆ.

ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಕೂಡಿಕೊಳ್ಳುವುದಿಲ್ಲವೆಂದು ವಿಲಿಯಂ ಹಂಟರ್ ಲಂಡನ್ನಿನಲ್ಲಿ 1743ರಲ್ಲೇ ಬರೆದಿದ್ದರು. ಅದಕ್ಕೆ ಆಧಾರ ಈಗ ಇನ್ನೂ ಸ್ಪಷ್ಟವಾಗಿದೆ. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ವಿಕಿರಣಶೀಲ ಇಂಗಾಲದ ಗುರುತನ್ನು ಮನುಷ್ಯರ ಮಂಡಿಯ ಮೃದ್ವಸ್ಥಿಯಲ್ಲಿ ಹುಡುಕಿದಾಗ, ಕೊಲಾಜೆನ್ ಬಹುಮಟ್ಟಿಗೆ ಬೆಳೆಯುವ ವಯಸ್ಸಿನಲ್ಲೇ ನೇಯ್ದದ್ದೆಂದೂ ಆಮೇಲೆ ಅದು ಬದಲಾಗುವುದಿಲ್ಲವೆಂದೂ 2016ರಲ್ಲಿ ಗೊತ್ತಾಯಿತು. ಗಾಯ ಕೆಳಗಿನ ಎಲುಬಿನವರೆಗೆ ಇಳಿದಾಗ ಮಾತ್ರ ಮಜ್ಜೆಯ ರಕ್ತ ಮೇಲೆ ಬಂದು ಏನೋ ಒಂದು ತೇಪೆ ಬೆಳೆಯುತ್ತದೆ. ಎಲುಬಿಗೆ ಉದ್ದೇಶಪೂರ್ವಕವಾಗಿ ಸಣ್ಣ ತೂತು ಕೊರೆಯುವ ಶಸ್ತ್ರಚಿಕಿತ್ಸೆಯ ತಳಹದಿಯೂ ಇದೇ. ಕಣ್ಣಿಗೆ ತೇಪೆ ತುಂಬಿದಂತೆ ಕಂಡರೂ ಅದರ ನಾರು ಬೇರೆ ಬಗೆಯದು, ಅಗ್ರಿಕ್ಯಾನ್ ಕಡಿಮೆ, ಒತ್ತಿದರೆ ಸುತ್ತಲಿನದಕ್ಕಿಂತ ಮೆತ್ತಗೆ, ಅಂಚು ಹಳೆಯ ಮೃದ್ವಸ್ಥಿಗೆ ಸರಿಯಾಗಿ ಬೆಸೆದಿರುವುದಿಲ್ಲ. ಆದ್ದರಿಂದ ಕುದುರೆ, ಮೇಕೆಗಳ ಮಂಡಿಯಲ್ಲಿ ಹೊಸ ಚಿಕಿತ್ಸೆಯೊಂದನ್ನು ಪರೀಕ್ಷಿಸುವವರು ತಿಂಗಳುಗಳ ನಂತರ ಗುಂಡಿ ತುಂಬಿದೆಯೇ ಎಂದಷ್ಟೇ ನೋಡುವುದಿಲ್ಲ. ಅಲ್ಲಿ ಕಡ್ಡಿಯೊತ್ತಿ, ನೀರು ಎಷ್ಟು ಹೊತ್ತು ನಿಲ್ಲುತ್ತದೆಂದೂ ಅಳೆಯುತ್ತಾರೆ.